ಊರಿಗೆ ಮರಳದ ಶಸ್ತ್ರವೈದ್ಯ

ಯಾದಗಿರಿ, ಶಹಾಪುರ, ಸುರಪುರಗಳ ಜನರಿಗೆ ಸೊಲ್ಲಾಪುರ ಪರಕೀಯ ಊರಲ್ಲ. ಈ ಭಾಗದ ಮನೆಗಳಲ್ಲಿ ಹೊದೆಯುವ ಚಾದರ ಅಲ್ಲಿಯದು. ಕಾಯಿಲೆ ಊರಿನ ವೈದ್ಯರ ಕೈಮೀರಿದಾಗ ರೈಲು ಹತ್ತಿ, ವಾಡಿ, ಕಲಬುರಗಿಗಳನ್ನು ದಾಟಿ ಅಲ್ಲಿನ ಆಸ್ಪತ್ರೆಗಳ ಬಾಗಿಲು ಬಡಿಯುವವರೂ ಇದ್ದಾರೆ. ಸೊಲ್ಲಾಪುರದ ಸೀಮೆಯನ್ನು ಹಾದು ಬಂದ ಭೀಮೆಯೇ ಯಾದಗಿರಿಯ ಮಗ್ಗುಲಲ್ಲಿ ಹರಿದು ಮುಂದೆ ಕೃಷ್ಣೆಯನ್ನು ಕೂಡುತ್ತದೆ. ವಚನಗಳ ಓದುಗರಿಗಂತೂ ಅದು ಸಿದ್ಧರಾಮನ ಸೊನ್ನಲಿಗೆ. ನಡುವೆ ರಾಜ್ಯಗಳ ಗಡಿ ಬಂದಿದ್ದರೂ ಅಲ್ಲಿನ ಪೇಟೆಬೀದಿಗಳಲ್ಲಿ ಕನ್ನಡ ಇನ್ನೂ ಕಿವಿಗೆ ಬೀಳುತ್ತದೆ.

ಹೀಗೆ ರೋಗಿಗಳು ವೈದ್ಯರನ್ನು ಅರಸಿ ಹೋಗುವ ಊರಿನಿಂದ 1938ರಲ್ಲಿ ವೈದ್ಯರೊಬ್ಬರು ರೋಗಿಗಳನ್ನು ಅರಸಿ ಸಮುದ್ರ ದಾಟಿ ಹೋದರು. ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಎಂಬ ಹೆಸರು ನಮ್ಮಲ್ಲಿ ಬಹುಮಂದಿಗೆ ಹಳೆಯ ಹಿಂದಿ ಚಿತ್ರವೊಂದರ ಮೂಲಕ ಪರಿಚಿತ. ಚೀನಾದಲ್ಲಿ ಶಾಲೆಗೆ ಹೋದ ಮಗುವಿಗೂ ಅದು ಗೊತ್ತಿರುವ ಹೆಸರು. ಅವರು ಹೋದದ್ದನ್ನು ಎಲ್ಲರೂ ಹೊಗಳುತ್ತಾರೆ. ಹೋದವರು ಐವರು, ನಾಲ್ವರು ತಮ್ಮ ಪಾಲಿನ ಕೆಲಸ ಮಾಡಿ ಮರಳಿದರು, ಅದರಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲ. ಕೋಟ್ನಿಸರ ಬದುಕಿನ ನಿಜವಾದ ಕುತೂಹಲ ಇರುವುದು, ಹಿಂದಿರುಗಲು ಒಂದಲ್ಲ ಹಲವು ಸಕಾರಣಗಳು ಒದಗಿಬಂದಾಗಲೂ ಅವರು ಅಲ್ಲಿ ಉಳಿದದ್ದರಲ್ಲಿ. ತಾಲ್ಲೂಕು ಆಸ್ಪತ್ರೆಗೆ ಶಸ್ತ್ರವೈದ್ಯರು ಬರುವುದಕ್ಕಿಂತ ಬಂದವರು ನಿಲ್ಲುವುದು ಹೆಚ್ಚು ಕಷ್ಟವೆಂದು ಅನುಭವದಿಂದ ಬಲ್ಲ ನಮ್ಮ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ.

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದ ಕೆಳಮಧ್ಯಮವರ್ಗದ ಮರಾಠಿ ಮನೆಯೊಂದರಲ್ಲಿ. ಮನೆ ತುಂಬ ಮಕ್ಕಳು. ಊರು ಬಟ್ಟೆಗಿರಣಿಗಳದು, ಕಾರ್ಮಿಕರದು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಈ ಊರು ಸ್ಫೋಟಿಸಿತು. ಪೊಲೀಸರು ಕೆಲವು ದಿನ ಊರು ಬಿಡಬೇಕಾಯಿತು. ಬಳಿಕ ಸರ್ಕಾರ ಸೇನಾಡಳಿತವನ್ನೇ ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆಗ ಕೋಟ್ನಿಸರಿಗೆ ಇಪ್ಪತ್ತು ವರ್ಷ. ತನ್ನ ಊರಿನ ನಾಲ್ವರು ನೇಣಿಗೇರಿದ ಕಾಲದಲ್ಲಿ ಬೆಳೆದ ಯುವಕ ರಾಜಕಾರಣವನ್ನು ಪತ್ರಿಕೆಯಿಂದ ಕಲಿಯಬೇಕಾಗಿರಲಿಲ್ಲ.

ವೈದ್ಯಶಿಕ್ಷಣ ಆದದ್ದು ಮುಂಬಯಿಯ ಪರೇಲ್‌ನಲ್ಲಿರುವ ಸೇಠ್ ಗೋರ್ಧನದಾಸ ಸುಂದರದಾಸ ಮೆಡಿಕಲ್ ಕಾಲೇಜಿನಲ್ಲಿ. 1926ರಲ್ಲಿ ಆರಂಭವಾದ ಆ ಕಾಲೇಜಿಗೆ ಒಂದು ವಿಶೇಷವಿತ್ತು: ಬೋಧಕರೆಲ್ಲರೂ ಭಾರತೀಯರೇ ಆಗಿರಬೇಕೆಂಬುದು ಅದರ ದಾನಿಗಳ ಷರತ್ತು. ಬ್ರಿಟಿಷ್ ಅಧಿಕಾರಿ ವೈದ್ಯರ ನೆರಳಿಲ್ಲದೆ ಶಸ್ತ್ರಚಿಕಿತ್ಸೆ ಕಲಿಯಬಹುದೆಂಬ ಆತ್ಮವಿಶ್ವಾಸ ಅಲ್ಲಿನ ಹುಡುಗರಿಗೆ ದೊರೆಯಿತು. ಪದವಿ ಪಡೆದು ಉನ್ನತ ವ್ಯಾಸಂಗಕ್ಕೆ ಸಿದ್ಧರಾಗುತ್ತಿದ್ದ ಹೊತ್ತಿಗೆ, ಕೋಟ್ನಿಸರ ಕಣ್ಣಿಗೆ ಕಾಂಗ್ರೆಸ್ಸಿನ ಒಂದು ಕರೆ ಬಿದ್ದಿತು.

1937ರ ಜುಲೈ 7ರಂದು ಪೀಕಿಂಗ್ ಬಳಿಯ ಮಾರ್ಕೊ ಪೋಲೊ ಸೇತುವೆಯಲ್ಲಿ ಆರಂಭವಾದ ಜಪಾನಿನ ದಾಳಿ ಆ ಡಿಸೆಂಬರಿನ ಹೊತ್ತಿಗೆ ನಾನ್‌ಕಿಂಗ್ ನಗರದ ಹತ್ಯಾಕಾಂಡದವರೆಗೆ ಮುಟ್ಟಿತ್ತು. ಚೀನಾದ ಎಂಟನೇ ಮಾರ್ಗದ ಸೇನೆಯ ದಂಡನಾಯಕ ಝು ದೆ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ನೆರವು ಕೋರಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದಾದ್ಯಂತ ಚೀನಾ ದಿನಗಳನ್ನು ನಡೆಸಿ ನಿಧಿ ಕೂಡಿಸಿದರು. ಸುಮಾರು 22,000 ರೂಪಾಯಿ ಸೇರಿತು. ತಾನೇ ಪರತಂತ್ರವಾಗಿದ್ದ ದೇಶ ಮತ್ತೊಂದು ದೇಶಕ್ಕೆ ವೈದ್ಯರನ್ನೂ ಆಂಬುಲೆನ್ಸನ್ನೂ ಕಳುಹಿಸಲು ನಾಣ್ಯ ನಾಣ್ಯ ಕೂಡಿಸಿದ ಸಂಗತಿ ಈಗ ಮರೆತುಹೋಗಿದೆ. ಸರ್ಕಾರ ನಮ್ಮದಾಗುವ ಮುನ್ನವೇ ವಿದೇಶಾಂಗ ನೀತಿ ನಮ್ಮದಾಗಿತ್ತೆಂದು ಹೇಳಿದರೂ ತಪ್ಪಾಗದು.

ಸೊಲ್ಲಾಪುರದ ಮನೆಯವರಿಗೆ ಚೀನಾ ಎಂದರೆ ಬೀದಿಯಲ್ಲಿ ರೇಷ್ಮೆ ಮಾರಿಕೊಂಡು ಬರುತ್ತಿದ್ದ ಚೀನೀ ವ್ಯಾಪಾರಿಗಳು, ಅಷ್ಟೆ. ಆ ದೇಶ ಭೂಪಟದಲ್ಲಿ ಎಲ್ಲಿದೆಯೆಂಬುದೂ ಅವರಿಗೆ ಸ್ಪಷ್ಟವಿರಲಿಲ್ಲವೆಂದು ಕೋಟ್ನಿಸರ ತಂಗಿ ಮನೋರಮಾ ಮುಂದೆ ಅನೇಕ ಬಾರಿ ನೆನೆದಿದ್ದಾರೆ. ಓದಿಸಿದ ಮಗ ಸಂಪಾದನೆಗೆ ನಿಲ್ಲುವ ವಯಸ್ಸಿನಲ್ಲಿ ಯುದ್ಧಭೂಮಿಗೆ ಹೊರಟದ್ದು ಅಂಥ ಮನೆಗೆ ಏನೆಂಬುದನ್ನು ಹೇಳಬೇಕಾಗಿಲ್ಲ. ತಂದೆ ಒಪ್ಪಿಗೆ ಕೊಟ್ಟರು. ಒಂದು ವರ್ಷದ ಮಾತು, ಹೋಗಿ ಬರುತ್ತಾನೆ ಎಂಬುದೇ ಎಲ್ಲರ ಎಣಿಕೆ.

1938ರ ಸೆಪ್ಟೆಂಬರ್ 1ರಂದು ರಾಜಪುತಾನಾ ಎಂಬ ಹಡಗಿನಲ್ಲಿ ಐವರು ಮುಂಬಯಿ ಬಿಟ್ಟರು. ನಾಯಕರು ಅಲಹಾಬಾದಿನ ಡಾ. ಮದನಮೋಹನ್ ಅಟಲ್, ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪಕ್ಷದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿ ಬಂದವರು. ನಾಗಪುರದ ಡಾ. ಚೋಳ್ಕರ್ ಎಲ್ಲರಿಗಿಂತ ಹಿರಿಯರು. ಕಲ್ಕತ್ತೆಯಿಂದ ಡಾ. ಬಿಜಯ್‌ಕುಮಾರ್ ಬಸು, ಡಾ. ದೇಬೇಶ್ ಮುಖರ್ಜಿ. ಇನ್ನೂ ಇಪ್ಪತ್ತೆಂಟು ತುಂಬದ ಕೋಟ್ನಿಸ್ ಐದನೆಯವರು. ಹಾಂಗ್‌ಕಾಂಗ್ ಮಾರ್ಗವಾಗಿ ಕ್ಯಾಂಟನ್ನಿಗೆ ಬಂದಾಗ ಸುನ್ ಯಾತ್‌ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಅವರನ್ನು ಎದುರುಗೊಂಡರು. ಅವರು ಅಲ್ಲಿಂದ ಮುಂದೆ ಸಾಗಿದ ಕೆಲವೇ ವಾರಗಳಲ್ಲಿ, ಅಕ್ಟೋಬರಿನಲ್ಲಿ, ಕ್ಯಾಂಟನ್ ಜಪಾನೀಯರ ವಶವಾಯಿತು. ಅವರು ಕೆಲಸ ಆರಂಭಿಸಿದ್ದ ಹ್ಯಾಂಕೌ ಕೂಡ ಅದೇ ತಿಂಗಳು ಬಿದ್ದಿತು. ಯಾಂಗ್ಟ್ಸಿ ನದಿಯ ಗುಂಟ ಹಿಮ್ಮೆಟ್ಟುವ ಸೇನೆಯೊಂದಿಗೆ ತಾವೂ ಸರಿಯುತ್ತ ವೈದ್ಯರು ಚುಂಗ್‌ಕಿಂಗ್ ಸೇರಿದರು. ಅದೇ ಶರತ್ಕಾಲದಲ್ಲಿ ಇತ್ತ ನಿಜಾಮರ ಆಳ್ವಿಕೆಯಲ್ಲಿದ್ದ ಯಾದಗಿರಿ ಸೀಮೆಯ ರಾಜ್ಯದಲ್ಲಿ, ನಿಷೇಧಕ್ಕೊಳಗಾದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಮೊದಲ ಸತ್ಯಾಗ್ರಹ ಹೂಡಿತ್ತೆಂಬುದನ್ನು ನೆನೆದರೆ ಆ ಕಾಲದ ಬಿಸಿ ಅರಿವಾದೀತು.

ಚುಂಗ್‌ಕಿಂಗಿನಲ್ಲಿ ಐವರಿಗೂ ಚೀನೀ ಹೆಸರುಗಳು ದೊರೆತವು. ಹೆಸರಿಟ್ಟವರು ಶಾಂತಿನಿಕೇತನದ ಚೀನಾ ಭವನದ ತಾನ್ ಯುನ್‌ಶಾನ್. ಪ್ರತಿಯೊಬ್ಬರ ಹೆಸರಿನ ಕೊನೆಗೂ ಚೀನಾ ಎಂಬರ್ಥದ ಹುವಾ ಎಂಬ ಅಕ್ಷರ ಸೇರಿತು. ಕೋಟ್ನಿಸ್ ಅಂದಿನಿಂದ ಕೆ ದಿಹುವಾ.

ಹಿಂದಿರುಗಲು ಮೊದಲ ಕಾರಣ ಬಂದದ್ದು ಇಲ್ಲಿಯೇ. ಕಮ್ಯುನಿಸ್ಟರ ಕೇಂದ್ರವಾಗಿದ್ದ ಯೆನಾನ್‌ಗೆ ಹೊರಡುವ ಸಿದ್ಧತೆ ನಡೆದಿದ್ದಾಗ ತಂದೆ ತೀರಿಕೊಂಡ ಸುದ್ದಿ ತಲುಪಿತು. ಸಹೋದ್ಯೋಗಿಗಳು ಊರಿಗೆ ಹೋಗುವಂತೆ ಒತ್ತಾಯಿಸಿದರು. ದೊಡ್ಡ ಕುಟುಂಬದ ಓದಿದ ಮಗ ಇಂಥ ಹೊತ್ತಿನಲ್ಲಿ ಎಲ್ಲಿರಬೇಕೆಂಬುದರಲ್ಲಿ ನಮ್ಮ ಸಮಾಜಕ್ಕೆ ಎಂದೂ ಅನುಮಾನವಿಲ್ಲ. ಹೋಗಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಕೋಟ್ನಿಸ್ ಹೋಗಲಿಲ್ಲ. ಇದನ್ನು ಬರಿಯ ತ್ಯಾಗವೆಂದು ಹಾಡಿ ಹೊಗಳುವುದು ಸುಲಭ. ಅದರ ಬೆಲೆಯ ಒಂದು ಪಾಲನ್ನು ಸೊಲ್ಲಾಪುರದ ಮನೆಯೂ ತೆತ್ತಿತೆಂಬುದನ್ನು ಮರೆಯಬಾರದು.

1939ರ ಫೆಬ್ರುವರಿಯಲ್ಲಿ ಅವರು ಯೆನಾನ್ ತಲುಪಿದರು. ಅಲ್ಲಿ ಮನೆ, ಶಾಲೆ, ಆಸ್ಪತ್ರೆ ಎಲ್ಲವೂ ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗವಿಗಳು. ಅಂಥ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕೆಲಸ ನಡೆಯಿತು. ಚೋಳ್ಕರರಿಗೆ ವಯಸ್ಸು ಅಡ್ಡಬಂದಿತು, ಮುಖರ್ಜಿಯವರಿಗೆ ಮೂತ್ರಪಿಂಡದ ಕಾಯಿಲೆ. ಇಬ್ಬರೂ ಆ ವರ್ಷವೇ ಮರಳಿದರು. ಉಳಿದ ಮೂವರು 1939ರ ಕೊನೆಗೆ ತಾಯ್‌ಹಾಂಗ್ ಪರ್ವತಗಳಲ್ಲಿದ್ದ ಝು ದೆಯವರ ಕೇಂದ್ರ ಶಿಬಿರಕ್ಕೆ, ಯುದ್ಧರಂಗದ ಸಮೀಪಕ್ಕೆ, ನಡೆದರು. ಚರ್ಮರೋಗ ಉಲ್ಬಣಿಸಿ ಅಟಲ್ ಕೂಡ ಹಿಂದಿರುಗಬೇಕಾಯಿತು. ಕರಾರಿನ ಒಂದು ವರ್ಷ ಆ ವೇಳೆಗೆ ಮುಗಿದಿತ್ತು. ಬಸು ಮತ್ತು ಕೋಟ್ನಿಸ್ ಇಬ್ಬರೇ, ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ, ಜಪಾನೀಯರ ವಶದಲ್ಲಿದ್ದ ರೈಲುಮಾರ್ಗಗಳನ್ನು ಇರುಳಿನಲ್ಲಿ ದಾಟಿ, ಇನ್ನೂ ಪೂರ್ವಕ್ಕೆ ಹೊರಟರು.

ಅವರು ತಲುಪಿದ್ದು ಶಾನ್ಸಿ, ಚಾಹಾರ್, ಹೆಬೈ ಪ್ರಾಂತ್ಯಗಳ ಗಡಿಗಳು ಕೂಡುವ ಗುಡ್ಡಗಾಡಿಗೆ. ಸುತ್ತ ಶತ್ರುವಿನ ವಶದ ಪಟ್ಟಣಗಳು, ನಡುವೆ ನೀ ರೊಂಗ್‌ಚೆನ್ ಎಂಬ ದಂಡನಾಯಕನ ಗೆರಿಲ್ಲಾ ಪಡೆಗಳು ಕಾಯ್ದುಕೊಂಡಿದ್ದ ಹಳ್ಳಿಗಳು. ಕೆನಡಾದ ಪ್ರಖ್ಯಾತ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನ್ ದುಡಿದು ಮಡಿದ ನೆಲ ಅದು. ಶಸ್ತ್ರಕ್ರಿಯೆ ಮಾಡುವಾಗ ಬೆರಳಿಗಾದ ಗಾಯ ನಂಜೇರಿ ಬೆಥ್ಯೂನ್ 1939ರ ನವೆಂಬರ್ 12ರಂದು ತೀರಿಕೊಂಡಿದ್ದರು. 1940ರ ಬೇಸಿಗೆಯಲ್ಲಿ ಬೆಥ್ಯೂನ್ ಸಮಾಧಿಯ ಮುಂದೆ ನಿಂತ ಇಬ್ಬರು ಭಾರತೀಯರಿಗೆ ಆ ಸಾವಿನ ಕಾರಣ ವೈದ್ಯರಾಗಿ ಚೆನ್ನಾಗಿ ಅರ್ಥವಾಗಿರಬೇಕು. ರಬ್ಬರ್ ಕೈಗವಸು ದುರ್ಲಭವಾಗಿದ್ದ ಕಡೆ ಪ್ರತಿ ಶಸ್ತ್ರಕ್ರಿಯೆಯೂ ವೈದ್ಯನ ಪಾಲಿಗೂ ಅಪಾಯವೇ.

ಇಲ್ಲಿ ಯುದ್ಧಕಾಲದ ಶಸ್ತ್ರಚಿಕಿತ್ಸೆಯ ಬಗೆಯನ್ನು ಸ್ವಲ್ಪ ವಿವರಿಸಬೇಕು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರದ ಕಾಲ. ಗುಂಡು ಅಥವಾ ಬಾಂಬಿನ ಚೂರು ದೇಹವನ್ನು ಹೊಕ್ಕಾಗ ಅದರೊಂದಿಗೆ ಮಣ್ಣು, ಬಟ್ಟೆಯ ತುಣುಕು ಒಳಸೇರುತ್ತವೆ; ಮಾಂಸಖಂಡ ಸತ್ತು ಅಲ್ಲಿ ನಂಜು ಬೆಳೆಯುತ್ತದೆ. ಸತ್ತ ಮಾಂಸವನ್ನು ಕೆಲವೇ ಗಂಟೆಗಳಲ್ಲಿ ಕತ್ತರಿಸಿ ತೆಗೆದರೆ ಕಾಲು ಉಳಿಯುತ್ತದೆ. ಒಂದು ದಿನ ತಡವಾದರೆ ಕಾಲನ್ನೇ ತೆಗೆಯಬೇಕು; ಇನ್ನೂ ತಡವಾದರೆ ಜೀವವೇ ಇಲ್ಲ. ಬೆಟ್ಟದ ಹಾದಿಯಲ್ಲಿ ಡೋಲಿಯ ಮೇಲೆ ಗಾಯಾಳುವನ್ನು ಆಸ್ಪತ್ರೆಗೆ ಹೊತ್ತು ತರಲು ಎರಡು ಮೂರು ದಿನ ಹಿಡಿಯುತ್ತಿತ್ತು. ಆದ್ದರಿಂದ ಆಸ್ಪತ್ರೆಯೇ ಗಾಯಾಳುವಿನ ಬಳಿಗೆ ಹೋಗಬೇಕೆಂಬುದು ಬೆಥ್ಯೂನರ ಪಾಠ. ಶಸ್ತ್ರಗಳು, ಪಟ್ಟಿ, ಅರಿವಳಿಕೆ, ಔಷಧ ಎಲ್ಲವನ್ನೂ ಹೇಸರಗತ್ತೆಯ ಬೆನ್ನಿಗೆ ಹೇರುವಂತೆ ಅವರು ಒಂದು ಪೆಟ್ಟಿಗೆಯನ್ನೇ ರೂಪಿಸಿದ್ದರು. ಅದನ್ನು ಹಳ್ಳಿಯ ಗುಡಿಯಲ್ಲೋ ರೈತನ ಪಡಸಾಲೆಯಲ್ಲೋ ಇಳಿಸಿ ಬಿಚ್ಚಿದರೆ ಸ್ವಲ್ಪ ಹೊತ್ತಿನಲ್ಲಿ ಶಸ್ತ್ರಾಗಾರ ಸಿದ್ಧ.

ಈ ಪಾಠ ಕೋಟ್ನಿಸರ ಕೈಯಲ್ಲಿ ಪರೀಕ್ಷೆಗೊಳಗಾದದ್ದು 1940ರ ಶರತ್ಕಾಲದಲ್ಲಿ. ಆ ಆಗಸ್ಟ್ 20ರಂದು ಎಂಟನೇ ಮಾರ್ಗದ ಸೇನೆ ನೂರು ರೆಜಿಮೆಂಟುಗಳ ಕಾರ್ಯಾಚರಣೆ ಎಂದು ಹೆಸರಾದ ದೊಡ್ಡ ದಾಳಿಯನ್ನು ಆರಂಭಿಸಿತು. ಗುರಿ ಜಪಾನೀಯರ ರೈಲುಮಾರ್ಗಗಳು, ಗಣಿಗಳು, ಕೋಟೆಗಳು. ಕೋಟ್ನಿಸರ ತಂಡ ಯುದ್ಧರೇಖೆಗೆ ತೀರ ಸಮೀಪದಲ್ಲಿ ನೆಲೆ ಹೂಡಿತು. ಒಂದು ಹಂತದ ಹದಿಮೂರು ದಿನಗಳಲ್ಲಿ ಅವರ ಬಳಿ ಬಂದ ಗಾಯಾಳುಗಳು 800ಕ್ಕೂ ಹೆಚ್ಚು. ಅವರಲ್ಲಿ 558 ಮಂದಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಸರಾಸರಿ ದಿನಕ್ಕೆ ನಲವತ್ತಮೂರು. ಒಮ್ಮೆ ಮೂರು ಹಗಲು ಮೂರು ರಾತ್ರಿ ಅವರು ವಿಶ್ರಾಂತಿ ಪಡೆಯಲಿಲ್ಲವೆಂದು ಜೊತೆಗಿದ್ದವರು ದಾಖಲಿಸಿದ್ದಾರೆ. ವಿದ್ಯುತ್ತಿಲ್ಲ, ಕ್ಷಕಿರಣವಿಲ್ಲ, ರಕ್ತನಿಧಿಯಿಲ್ಲ. ಇಂದಿನ ಯಾವ ಶಸ್ತ್ರವೈದ್ಯರಾದರೂ ಈ ಅಂಕಿಗಳನ್ನು ಓದಿ ಒಂದು ಕ್ಷಣ ಸುಮ್ಮನಾದಾರು.

ಆದರೆ ಅವರ ಬದುಕಿನ ಇದಕ್ಕಿಂತ ಮುಖ್ಯವಾದ ಭಾಗ ಆ ಮೇಲಿನ ಎರಡು ವರ್ಷಗಳದ್ದು. ಅದು ಅಷ್ಟು ರೋಚಕವಲ್ಲವಾದ್ದರಿಂದ ಕಥನಕಾರರು ಬೇಗ ದಾಟಿಬಿಡುತ್ತಾರೆ. ಬಸು ಯೆನಾನ್‌ಗೆ ಮರಳಿದರು. ಕೋಟ್ನಿಸ್ ಬೆಥ್ಯೂನ್ ಹೆಸರಿನ ವೈದ್ಯಶಾಲೆಯಲ್ಲಿ ಶಸ್ತ್ರಚಿಕಿತ್ಸೆಯ ಬೋಧಕರಾಗಿ ಉಳಿದರು. 1941ರ ಜನವರಿಯಲ್ಲಿ ಬೆಥ್ಯೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮೊದಲ ನಿರ್ದೇಶಕರೂ ಆದರು. ಅವರಿಗೆ ಮೂವತ್ತು ವರ್ಷ. ಆಸ್ಪತ್ರೆಯೆಂದರೆ ಕಟ್ಟಡವಲ್ಲ, ಟಾಂಗ್ ಕೌಂಟಿಯ ಹಳ್ಳಿಮನೆಗಳಲ್ಲಿ ಹರಡಿಕೊಂಡಿದ್ದ ಹಾಸಿಗೆಗಳು. ಶತ್ರು ಬರುವ ಸುಳಿವು ಸಿಕ್ಕರೆ ರೋಗಿಗಳನ್ನು ಹೊತ್ತುಕೊಂಡು ರಾತ್ರೋರಾತ್ರಿ ಜಾಗ ಬದಲಿಸುವುದು, ವಿದ್ಯಾರ್ಥಿಗಳೇ ಪಹರೆಗಾರರೂ ಡೋಲಿ ಹೊರುವವರೂ ಆಗುವುದು ಅಲ್ಲಿನ ದಿನಚರಿ. ಸೈನಿಕರಷ್ಟೇ ಅಲ್ಲ, ಸುತ್ತಲ ಹಳ್ಳಿಗಳ ರೈತರೂ ಬಸುರಿಯರೂ ಅವರ ರೋಗಿಗಳು. ಜನ ಅವರನ್ನು ಕರೆಯುತ್ತಿದ್ದ ಅಡ್ಡಹೆಸರಿನ ಅರ್ಥ ಕರಿಯಮ್ಮ, ಕಪ್ಪು ತಾಯಿ ಎಂದು. ಗಂಡಸೊಬ್ಬನಿಗೆ, ಅದರಲ್ಲೂ ಪರದೇಶಿಯೊಬ್ಬನಿಗೆ, ಹಳ್ಳಿಗರು ತಾಯಿಯ ಹೆಸರಿಟ್ಟರೆಂಬುದನ್ನು ಯಾವ ಪ್ರಶಸ್ತಿಗೂ ಕಡಿಮೆಯಲ್ಲವೆಂದು ನಾನು ತಿಳಿಯುತ್ತೇನೆ.

ಅವರು ದುಭಾಷಿಯನ್ನು ನೆಚ್ಚಿಕೊಂಡು ಕೂರಲಿಲ್ಲ. ಚೀನೀ ಭಾಷೆಯನ್ನು ಮಾತನಾಡಲು ಕಲಿತರು. ಅಷ್ಟಕ್ಕೇ ನಿಲ್ಲದೆ ಓದಲು, ಬರೆಯಲು, ಅದರಲ್ಲೇ ಪಾಠ ಹೇಳಲು ಕಲಿತರು. ಪಠ್ಯಪುಸ್ತಕಗಳಿರಲಿಲ್ಲ. ಆದ್ದರಿಂದ ತಾವೇ ಬರೆಯತೊಡಗಿದರು. ಶಸ್ತ್ರಚಿಕಿತ್ಸೆಯ ಸಾಮಾನ್ಯ ತತ್ತ್ವಗಳನ್ನು ಕುರಿತ ಪುಸ್ತಕ ಮುಗಿಯಿತು. ಅಂಗಾಂಗಗಳ ಶಸ್ತ್ರಕ್ರಿಯೆಯನ್ನು ಬಿಡಿಬಿಡಿಯಾಗಿ ವಿವರಿಸುವ ಎರಡನೆಯದು ನಡೆದಿತ್ತು. ಓದು ಬರಹ ಅಷ್ಟಕ್ಕಷ್ಟೇ ಆಗಿದ್ದ ರೈತರ ಮಕ್ಕಳನ್ನು ಕೆಲವೇ ತಿಂಗಳಲ್ಲಿ ಗಾಯ ತೊಳೆದು, ರಕ್ತ ನಿಲ್ಲಿಸಿ, ಮೂಳೆ ಕೂಡಿಸಬಲ್ಲ ವೈದ್ಯಸಹಾಯಕರನ್ನಾಗಿ ಮಾಡಬೇಕಿತ್ತು. ವೈದ್ಯವಿದ್ಯೆಯನ್ನು ಜನರ ಭಾಷೆಯಲ್ಲಿ ಹೇಳಲಾಗದೆಂದು ಇಂದಿಗೂ ವಾದಿಸುವವರು ನಮ್ಮಲ್ಲಿದ್ದಾರೆ. ಕಲಿತು ಎರಡು ವರ್ಷವೂ ಆಗಿರದ ಪರಭಾಷೆಯಲ್ಲಿ ಸೊಲ್ಲಾಪುರದ ವೈದ್ಯ, ಗುಡ್ಡದ ಹಳ್ಳಿಯಲ್ಲಿ ಕುಳಿತು, ಅದನ್ನು ಮಾಡಿದರು.

ಯಾಕೆ ಉಳಿದರೆಂಬ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲಿಯೇ ಇದೆ. ಆದರ್ಶ ಅವರನ್ನು ಅಲ್ಲಿಗೆ ಕರೆದೊಯ್ದಿತು. ಉಳಿಸಿದ್ದು ಕೇವಲ ಆದರ್ಶವಲ್ಲ. ಅವರಿಗೆ ಅಲ್ಲಿ ವಿದ್ಯಾರ್ಥಿಗಳಿದ್ದರು, ತನ್ನದೆನ್ನಬಹುದಾದ ಆಸ್ಪತ್ರೆಯಿತ್ತು, ಅದರ ಆಡಳಿತದಲ್ಲಿ ಅವರ ಮಾತು ನಡೆಯುತ್ತಿತ್ತು, ರೋಗಿಯ ಭಾಷೆ ಬರುತ್ತಿತ್ತು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಅದರ ವೈದ್ಯಕೀಯ ಕಾಲೇಜು ಆರಂಭವಾದದ್ದು 2022ರಲ್ಲಿ. ಅದಕ್ಕೂ ಮುಂಚೆ, 2012ರಲ್ಲಿ, ವೈದ್ಯಪದವೀಧರರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕೆಂದು ರಾಜ್ಯ ಶಾಸನ ಮಾಡಿತು. ಅದರ ಸುತ್ತ ನಡೆದ ವಾದವೆಲ್ಲ ಒಂದು ವರ್ಷ ಹೆಚ್ಚೋ ಕಡಿಮೆಯೋ ಎಂಬುದರ ಸುತ್ತಲೇ ತಿರುಗಿತು. ಕೋಟ್ನಿಸರೂ ಒಂದು ವರ್ಷಕ್ಕೆಂದೇ ಹೋದವರು. ಸುರಪುರಕ್ಕೋ ಶಹಾಪುರಕ್ಕೋ ಬರುವ ಯುವ ಶಸ್ತ್ರವೈದ್ಯೆಗೆ ಅರಿವಳಿಕೆ ತಜ್ಞರು, ರಕ್ತ, ನುರಿತ ನರ್ಸುಗಳು, ಜೊತೆಗೆ ಕಲಿಸಲು ನಾಲ್ಕು ಮಂದಿ ಕಿರಿಯರು ಸಿಗುತ್ತಾರೆಯೇ ಎಂಬ ವಿಚಾರ ಆ ವಾದದಲ್ಲಿ ಹಿಂದೆ ಬಿದ್ದಿತು. ಯುದ್ಧದ ನಡುವಿನ ಆ ದರಿದ್ರ ಗುಡ್ಡಗಾಡು, ಉಪಕರಣಗಳಲ್ಲಿ ನಮ್ಮ ಯಾವ ತಾಲ್ಲೂಕು ಆಸ್ಪತ್ರೆಗೂ ಹೋಲಿಕೆಯಾಗದು. ಆದರೂ ತನ್ನ ವೈದ್ಯನನ್ನು ಉಳಿಸಿಕೊಳ್ಳಲು ಬೇಕಾದದ್ದನ್ನು ಅದು ಒದಗಿಸಿತ್ತು.

ಅಲ್ಲಿಯೇ ಅವರಿಗೆ ಮನೆಯೂ ಆಯಿತು. ಗುವೊ ಚಿಂಗ್‌ಲಾನ್ ಆ ವೈದ್ಯಶಾಲೆಯಲ್ಲಿ ಶುಶ್ರೂಷೆ ಕಲಿಸುತ್ತಿದ್ದ ತರುಣಿ. ಶಾನ್ಸಿ ಪ್ರಾಂತ್ಯದವರು, ಪೀಕಿಂಗಿನಲ್ಲಿ ಕೆಲಸ ಮಾಡಿದವರು. ಬೆಥ್ಯೂನರಿಗೆ ಔಷಧಗಳನ್ನು ಕದ್ದು ಸಾಗಿಸುತ್ತಿದ್ದ ನ್ಯೂಜಿಲೆಂಡಿನ ಮಿಷನರಿ ನರ್ಸ್ ಕ್ಯಾಥ್ಲೀನ್ ಹಾಲ್ ಅವರ ಮೂಲಕ ಗೆರಿಲ್ಲಾ ಪ್ರದೇಶ ಸೇರಿದವರು. ಕೋಟ್ನಿಸರನ್ನು ಮೊದಲು ಕಂಡದ್ದು ಬೆಥ್ಯೂನರ ಸಮಾಧಿಯ ಬಳಿ. ಆಕೆಗೆ ಇಂಗ್ಲಿಷ್ ಬರುತ್ತಿತ್ತು, ಅವರಿಗೆ ಚೀನೀ ಬರತೊಡಗಿತ್ತು. 1941ರ ಕೊನೆಯಲ್ಲಿ ಮದುವೆಯಾಯಿತು. 1942ರ ಆಗಸ್ಟ್ 23ರಂದು ಗಂಡುಮಗು ಹುಟ್ಟಿತು. ನೀ ರೊಂಗ್‌ಚೆನ್ ಸೂಚಿಸಿದ ಹೆಸರು ಯಿನ್‌ಹುವಾ. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಅದೇ ವರ್ಷದ ಜುಲೈನಲ್ಲಿ ಕೋಟ್ನಿಸ್ ಚೀನೀ ಕಮ್ಯುನಿಸ್ಟ್ ಪಕ್ಷದ ಸದಸ್ಯರಾದರು. ಮುಂದೆ ಭಾರತದಲ್ಲಿ ಅವರ ನೆನಪನ್ನು ಯಾರು ಹೇಗೆ ಇಟ್ಟುಕೊಳ್ಳಬೇಕೆಂಬ ಎಳೆದಾಟಕ್ಕೆ ಇದು ಕಾರಣವಾಯಿತು. ಕಳುಹಿಸಿದ್ದು ಕಾಂಗ್ರೆಸ್ಸು, ಬೆಳೆಸಿದ್ದು ಸೊಲ್ಲಾಪುರದ ರಾಷ್ಟ್ರೀಯ ಚಳವಳಿ, ಕೊನೆಗೆ ಸೇರಿದ್ದು ಕಮ್ಯುನಿಸ್ಟರನ್ನು, ಮೂರೂ ನಿಜ. ಒಂದನ್ನು ಮುಂದೆ ಮಾಡಿ ಉಳಿದೆರಡನ್ನು ಮರೆಮಾಡಿದ ಬರಹಗಳು ಅವರನ್ನು ಸಣ್ಣದು ಮಾಡುತ್ತವೆ.

ಕಾಯಿಲೆ ಮದುವೆಗೂ ಮೊದಲೇ ಕಾಣಿಸಿಕೊಂಡಿತ್ತು. 1941ರಿಂದ ಅಪಸ್ಮಾರದ ಸೆಳೆತಗಳು ಬರತೊಡಗಿದವು. ರೋಗ ಏನೆಂಬುದು ಸ್ವತಃ ವೈದ್ಯರಾದ ಅವರಿಗೆ ತಿಳಿಯದ್ದಲ್ಲ. ಜಪಾನೀಯರ ದಿಗ್ಬಂಧನದ ನಡುವೆ ತಕ್ಕ ಔಷಧ ಸಿಗುವುದು ಕಷ್ಟ. ನಿದ್ದೆಗೇಡು, ದಣಿವು, ಅರೆಹೊಟ್ಟೆ ಸೆಳೆತಗಳನ್ನು ಹೆಚ್ಚಿಸುವಂಥವು. ಚಿಕಿತ್ಸೆಗಾಗಿ ಬೇರೆಡೆಗೆ ಹೋಗುವಂತೆ ನೀ ರೊಂಗ್‌ಚೆನ್ ಮೊದಲಾದವರು ಮತ್ತೆ ಮತ್ತೆ ಹೇಳಿದರು. ಹಿಂದಿರುಗಲು ಇದಕ್ಕಿಂತ ದೊಡ್ಡ ಕಾರಣ ಮತ್ತೊಂದಿರಲಾರದು. ಈ ಬಾರಿಯೂ ಅವರು ಹೊರಡಲಿಲ್ಲ. ಈ ತೀರ್ಮಾನವನ್ನು ಹಿಂದಿನ ತೀರ್ಮಾನಗಳಂತೆಯೇ ಮೆಚ್ಚಿಕೊಳ್ಳುವುದು ನನ್ನಿಂದಾಗದು. ಕೈಗೂಸಿನ ತಂದೆ, ಹಲವು ಶಿಷ್ಯರ ಗುರು, ಬದುಕಿ ಉಳಿದಿದ್ದರೆ ಇನ್ನೆಷ್ಟೋ ಸಾವಿರ ಶಸ್ತ್ರಕ್ರಿಯೆ ಮಾಡಬಲ್ಲವರು. ರೋಗಿಗಳಿಗೆ ಹೇಳುವ ವಿಶ್ರಾಂತಿಯ ಮಾತನ್ನು ತಾವು ಕೇಳಿಸಿಕೊಳ್ಳಬೇಕಿತ್ತು. ಆದರೆ ಶತ್ರುವಿನ ಕಾವಲುಗಳನ್ನು ದಾಟಿಕೊಂಡು ವಾರಗಟ್ಟಲೆ ನಡೆಯಬೇಕಾದ ಆ ಹಾದಿಯೂ ಅಪಾಯಕರವಾಗಿತ್ತೆಂಬುದನ್ನು ನೆನೆಯಬೇಕು.

ಡಿಸೆಂಬರ್ 8ರ ರಾತ್ರಿ ಸೆಳೆತ ಬಂದಿತು, ಮತ್ತೆ ಮತ್ತೆ ಬಂದಿತು. 1942ರ ಡಿಸೆಂಬರ್ 9ರ ಬೆಳಗಿನ ಜಾವ ಗೆಗೊಂಗ್ ಎಂಬ ಹಳ್ಳಿಯಲ್ಲಿ ಕೋಟ್ನಿಸ್ ತೀರಿಕೊಂಡರು. ಮೂವತ್ತೆರಡು ವರ್ಷ. ಮಗನಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಎರಡನೆಯ ಪುಸ್ತಕ ಅರ್ಧಕ್ಕೇ ನಿಂತಿತು. ಯೆನಾನ್‌ನಲ್ಲಿ ನಡೆದ ಶೋಕಸಭೆಗೆ ಮಾವೊ ತಮ್ಮ ಕೈಬರಹದಲ್ಲೇ ಶ್ರದ್ಧಾಂಜಲಿ ಬರೆದುಕೊಟ್ಟರು.

ಬಸು 1943ರಲ್ಲಿ ಭಾರತಕ್ಕೆ ಮರಳಿದರು. ಮುಂದೆ ಮತ್ತೆ ಚೀನಾಕ್ಕೆ ಹೋದಾಗ ಸೂಜಿಚಿಕಿತ್ಸೆಯನ್ನು ಕಲಿತುಬಂದು ಕಲ್ಕತ್ತೆಯಲ್ಲಿ ಅದನ್ನು ಬೇರೂರಿಸಿದವರು ಅವರೇ. ಇಂದು ನಮ್ಮೂರುಗಳಲ್ಲಿ ಅಕ್ಯುಪಂಕ್ಚರ್ ಫಲಕ ಕಂಡಾಗ ಆ ನಿಯೋಗದ ನೆನಪಾಗುವವರು ವಿರಳ.

ಕೋಟ್ನಿಸರ ಕಥೆಯನ್ನು ಭಾರತದ ಮನೆಮನೆಗೆ ಮುಟ್ಟಿಸಿದವರು ಪತ್ರಕರ್ತ ಖ್ವಾಜಾ ಅಹ್ಮದ್ ಅಬ್ಬಾಸ್. ಅವರ ಪುಸ್ತಕವನ್ನು ಆಧರಿಸಿ ವಿ. ಶಾಂತಾರಾಮ್ 1946ರಲ್ಲಿ ಡಾ. ಕೋಟ್ನಿಸ್ ಕೀ ಅಮರ್ ಕಹಾನಿ ಚಿತ್ರ ಮಾಡಿದರು. ನಾಯಕನ ಪಾತ್ರವನ್ನೂ ತಾವೇ ವಹಿಸಿದರು. ಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿದ ಶಾಂತಾರಾಮರ ನಂಟೂ ನಮ್ಮ ಕಡೆಗಿದೆ. ಚಿತ್ರದಲ್ಲಿ ನಾಯಕ ಪ್ಲೇಗಿಗೆ ಮದ್ದು ಹುಡುಕುತ್ತ ಅದೇ ರೋಗಕ್ಕೆ ತುತ್ತಾಗುತ್ತಾ‌ನೆ. ಸಿನಿಮಾಕ್ಕೆ ಅಂಥದೊಂದು ಬೇಕಿತ್ತೇನೋ. ದಿಟದಲ್ಲಿ ಅವರು ಯಾವ ಹೊಸ ಮದ್ದನ್ನೂ ಕಂಡುಹಿಡಿಯಲಿಲ್ಲ. ತಿಳಿದಿದ್ದ ಶಸ್ತ್ರವಿದ್ಯೆಯನ್ನು ಅದು ತಲುಪದ ಕಡೆಗೆ ಒಯ್ದರು, ಇನ್ನಷ್ಟು ಕೈಗಳಿಗೆ ದಾಟಿಸಿದರು.

ಹೊರಗಿನಿಂದ ಬಂದವನ ಹೆಸರು ಊರಿನಲ್ಲಿ ಉಳಿದುಹೋಗುವುದು ಹೇಗೆಂಬುದು ಸುರಪುರದವರಿಗೆ ಗೊತ್ತು. 19ನೇ ಶತಮಾನದ ನಡುವೆ ಅಲ್ಲಿ ದಶಕದಷ್ಟು ಕಾಲ ಆಡಳಿತ ನಡೆಸಿದ ಮೆಡೋಸ್ ಟೇಲರನ ಹೆಸರನ್ನು ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇನ್ನೂ ಹೊತ್ತಿದೆ. ಟೇಲರನಿಗೆ ಅಧಿಕಾರದ ಬಲವಿತ್ತು. ಕೋಟ್ನಿಸರಿಗೆ ಅದಿರಲಿಲ್ಲ, ಅವರ ದೇಶಕ್ಕೂ ಇರಲಿಲ್ಲ. ಆದರೂ ಹೆಬೈ ಪ್ರಾಂತ್ಯದ ಶಿಜಿಯಾಜುವಾಂಗ್ ನಗರದ ಹುತಾತ್ಮರ ರುದ್ರಭೂಮಿಯಲ್ಲಿ ಬೆಥ್ಯೂನರ ಜೊತೆಗೆ ಅವರ ಸಮಾಧಿಯಿದೆ, ಪ್ರತಿಮೆಯಿದೆ. ಅದೇ ನಗರದಲ್ಲಿ ಅವರ ಹೆಸರಿನ ವೈದ್ಯಶಾಲೆಯೊಂದರ ವಿದ್ಯಾರ್ಥಿಗಳು ಅವರ ಪ್ರತಿಮೆಯ ಮುಂದೆ ಪ್ರತಿಜ್ಞೆ ಸ್ವೀಕರಿಸುವ ಪದ್ಧತಿಯೂ ಬೆಳೆದಿದೆ. 1962ರ ಯುದ್ಧ ಎರಡು ದೇಶಗಳ ನಡುವಿನ ಬಹಳಷ್ಟನ್ನು ಕೆಡಿಸಿತು, ಈ ನೆನಪು ಮಾತ್ರ ಕೆಡದೆ ಉಳಿಯಿತು. ಚೀನಾ 1982ರಲ್ಲಿ ಅವರ ಅಂಚೆಚೀಟಿ ಹೊರಡಿಸಿತು, ಭಾರತ 1993ರಲ್ಲಿ. 2020ರ ಗಲ್ವಾನ್ ಘರ್ಷಣೆಯ ಕಹಿ ಹಸಿಯಾಗಿದ್ದ ದಿನಗಳಲ್ಲೂ ಅವರ ಹೆಸರು ಪತ್ರಿಕೆಗಳಲ್ಲಿ ಬಂದಿತು. ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟ್ನಿಸ್ ಕುಟುಂಬದವರನ್ನು ಭೇಟಿಯಾಗುವುದು ಬಹುಕಾಲ ಒಂದು ವಾಡಿಕೆಯೇ ಆಗಿತ್ತು. ಎರಡು ಸರ್ಕಾರಗಳ ಸ್ನೇಹದ ಮಾತಿನಲ್ಲಿ ಅವರ ಹೆಸರು ಅತಿಯಾಗಿ ಬಳಕೆಯಾಗಿ ಸವೆದಿದೆಯೆಂದು ಅನ್ನಿಸುವುದೂ ಉಂಟು.

ಸೊಲ್ಲಾಪುರದ ಮನೆಗೆ ಅವರು ಮರಳದಿದ್ದರೂ ಗುವೊ ಚಿಂಗ್‌ಲಾನ್ 1958ರಿಂದ ಹಲವು ಬಾರಿ ಭಾರತಕ್ಕೆ ಬಂದುಹೋದರು. ಅತ್ತಿಗೆ ನಾದಿನಿಯರ ನಂಟು ಕೊನೆಯವರೆಗೂ ಉಳಿಯಿತು. ಮಗ ಯಿನ್‌ಹುವಾ ತಂದೆಯ ವೃತ್ತಿಯನ್ನೇ ಆರಿಸಿಕೊಂಡು ವೈದ್ಯಕೀಯ ಓದುತ್ತಿದ್ದ. 1967ರಲ್ಲಿ, ಪದವಿ ಕೈಗೆ ಬರುವ ಮುನ್ನವೇ, ಚಿಕಿತ್ಸೆಯಲ್ಲಾದ ಲೋಪದಿಂದ ತೀರಿಕೊಂಡ. ಅವನಿಗೆ ಇಪ್ಪತ್ತೈದು ತುಂಬಿರಲಿಲ್ಲ. ಗುವೊ ಇನ್ನೂ ನಲವತ್ತೈದು ವರ್ಷ ಬದುಕಿ, 2012ರ ಜೂನ್‌ನಲ್ಲಿ ದಾಲಿಯಾನ್ ನಗರದಲ್ಲಿ ಕೊನೆಯುಸಿರೆಳೆದರು. ಸೊಲ್ಲಾಪುರದಲ್ಲಿ ಕೋಟ್ನಿಸ್ ಹುಟ್ಟಿದ ಮನೆ ಸ್ಮಾರಕವಾಗಿ ತೆರೆದುಕೊಂಡದ್ದೂ ಅದೇ ವರ್ಷ.